ಪೂರಕ ಆಹಾರ: ಎದೆಹಾಲಿನ ಜತೆಗೆ ಗಟ್ಟಿ ಊಟ

ಆರು ತಿಂಗಳು ತುಂಬಿದ ಕೂಸಿಗೆ ಎದೆಹಾಲನ್ನು ಮುಂದುವರಿಸುತ್ತಲೇ ಕೊಡತೊಡಗುವ ಗಟ್ಟಿ ಹಾಗೂ ಅರೆಗಟ್ಟಿ ತಿನಿಸುಗಳಿಗೆ ಪೂರಕ ಆಹಾರವೆಂದು ಹೆಸರು. ಹಾಲಷ್ಟನ್ನೇ ಕುಡಿದು ಬೆಳೆದ ಮಗು ಮನೆಮಂದಿಯ ಊಟಕ್ಕೆ ಬಂದು ಸೇರಲು ಸುಮಾರು ಒಂದೂವರೆ ವರ್ಷ ಬೇಕು. ಪೋಷಣಶಾಸ್ತ್ರ ಇದನ್ನು 6ರಿಂದ 23 ತಿಂಗಳ ಅವಧಿಯೆಂದು ಗುರುತಿಸುತ್ತದೆ. ವಯಸ್ಸಿಗೆ ತಕ್ಕ ಎತ್ತರ ಬರದಿರುವುದು, ರಕ್ತಹೀನತೆ, ಮರುಕಳಿಸುವ ಭೇದಿ ಇವೆಲ್ಲ ಹೆಚ್ಚಾಗಿ ತಲೆ ಎತ್ತುವುದು ಈ ತಿಂಗಳುಗಳಲ್ಲೇ. ಎದೆಹಾಲು ಮತ್ತು ಊಟದ ನಡುವಿನ ಸಮತೋಲ ಎರಡು ದಿಕ್ಕಿನಲ್ಲಿ ತಪ್ಪಬಹುದು. ಊಟ ಬೇಗ ಶುರುವಾದರೆ ಅಥವಾ ಅತಿಯಾದರೆ ಹಾಲು ಹಿಂದೆ ಸರಿಯುತ್ತದೆ; ತಡವಾದರೆ ಅಥವಾ ತೀರ ತೆಳುವಾದರೆ ಮಗು ಹೊಟ್ಟೆ ತುಂಬಿಯೂ ಸೊರಗುತ್ತದೆ. ಭಾರತದಲ್ಲಿ ಈಗ ಹೆಚ್ಚು ಕಾಣುವುದು ಎರಡನೆಯ ಬಗೆಯ ತಪ್ಪು.

2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳು ಇದನ್ನು ನೇರವಾಗಿ ತೋರಿಸುತ್ತವೆ. ಆರು ತಿಂಗಳೊಳಗಿನ ಮಕ್ಕಳಲ್ಲಿ ಎದೆಹಾಲನ್ನು ಮಾತ್ರ ಕುಡಿಯುವವರ ಪ್ರಮಾಣ ಹಿಂದಿನ ಸಮೀಕ್ಷೆಯ 54.9ರಿಂದ ಶೇಕಡ 63.7ಕ್ಕೆ ಏರಿತ್ತು. ಆದರೆ ಆರರಿಂದ ಎಂಟು ತಿಂಗಳ ಮಕ್ಕಳಲ್ಲಿ ಎದೆಹಾಲಿನ ಜತೆಗೆ ಗಟ್ಟಿ ಅಥವಾ ಅರೆಗಟ್ಟಿ ಆಹಾರ ಪಡೆಯುತ್ತಿದ್ದವರು ಶೇಕಡ 45.9 ಮಾತ್ರ. 6ರಿಂದ 23 ತಿಂಗಳ ಮಕ್ಕಳಲ್ಲಿ ಸಾಕಷ್ಟು ಸಲ, ಸಾಕಷ್ಟು ಬಗೆಯ ಊಟ ಸಿಗುತ್ತಿದ್ದುದು ಶೇಕಡ 11.3ರಷ್ಟು ಮಕ್ಕಳಿಗೆ. ಎದೆಹಾಲಿನ ಸಂದೇಶ ಮನೆಮನೆಗೆ ತಲುಪಿದೆ. ಅದರ ಮುಂದಿನ ಅರ್ಧ ತಲುಪಿಲ್ಲ.

ಆರು ತಿಂಗಳ ಗಡಿ

ಊಟ ಯಾವಾಗ ಶುರುವಾಗಬೇಕು ಎಂಬ ಸಲಹೆ ಇಪ್ಪತ್ತನೆಯ ಶತಮಾನದಲ್ಲಿ ಹಲವು ಬಾರಿ ಬದಲಾಯಿತು. ಬಹುಕಾಲ ಚಾಲ್ತಿಯಲ್ಲಿದ್ದುದು ‘ನಾಲ್ಕರಿಂದ ಆರು ತಿಂಗಳು’ ಎಂಬ ಮಾತು. 2001ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಮ್ಮೇಳನವು ಆರು ತಿಂಗಳವರೆಗೆ ಎದೆಹಾಲು ಮಾತ್ರ, ಆಮೇಲೆ ಪೂರಕ ಆಹಾರದ ಜತೆಗೆ ಎರಡು ವರ್ಷ ಹಾಗೂ ಅದರಾಚೆಗೂ ಎದೆಹಾಲು ಎಂದು ಗೊತ್ತುಮಾಡಿತು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರತಂದ ಮಾರ್ಗಸೂಚಿಯೂ ಇದನ್ನೇ ಉಳಿಸಿಕೊಂಡಿದೆ.

ಈ ಬದಲಾವಣೆಯ ಹಿಂದೆ ನಿಂತ ಪ್ರಯೋಗಗಳಲ್ಲಿ ಮಧ್ಯ ಅಮೆರಿಕದ ಹೊಂಡುರಾಸ್ ದೇಶದ್ದು ಮುಖ್ಯವಾದುದು. ಕೋಹೆನ್, ಬ್ರೌನ್, ಡ್ಯೂಯಿ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ ಕೆಲವು ಮಕ್ಕಳಿಗೆ ನಾಲ್ಕನೆಯ ತಿಂಗಳಿಗೇ ಶುಚಿಯಾದ, ಸತ್ವಯುತವಾದ ಆಹಾರ ಕೊಡಲಾಯಿತು. ಉಳಿದವರು ಆರು ತಿಂಗಳವರೆಗೆ ಹಾಲಿನಲ್ಲೇ ಉಳಿದರು. ಬೇಗ ಉಂಡ ಮಕ್ಕಳು ಹೆಚ್ಚು ತೂಗಲಿಲ್ಲ, ಹೆಚ್ಚು ಎತ್ತರವೂ ಆಗಲಿಲ್ಲ. ಉಂಡಷ್ಟು ಹಾಲನ್ನು ಅವರು ಕಡಿಮೆ ಕುಡಿದರು, ಅಷ್ಟೆ. ಮಗು ತನ್ನ ಹಸಿವಿನ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ ಎಂಬುದೂ ಇದರಿಂದ ಗೊತ್ತಾಯಿತು.

ಬೆಳವಣಿಗೆಯ ನಕ್ಷೆಗಳೂ ಒಂದು ಕಾಲಕ್ಕೆ ತಾಯಂದಿರನ್ನು ದಾರಿ ತಪ್ಪಿಸಿದ್ದವು. 1977ರ ಅಮೆರಿಕದ ನಕ್ಷೆಗಳಿಗೆ ಆಧಾರವಾಗಿದ್ದ ಮಕ್ಕಳಲ್ಲಿ ಬಹುಪಾಲು ಬಾಟಲಿ ಹಾಲು ಕುಡಿದವರು. ಎದೆಹಾಲಿನ ಮಕ್ಕಳ ತೂಕ ಏರುವ ವೇಗ ಮೂರನೆಯ ತಿಂಗಳ ನಂತರ ಸಹಜವಾಗಿಯೇ ತಗ್ಗುತ್ತದೆ. ಆ ನಕ್ಷೆಯ ಮೇಲೆ ಗುರುತು ಹಾಕಿದಾಗ ಆರೋಗ್ಯವಂತ ಮಗುವೂ ಹಿಂದೆ ಬಿದ್ದಂತೆ ಕಾಣುತ್ತಿತ್ತು. ‘ಹಾಲು ಸಾಲುತ್ತಿಲ್ಲ’ ಎಂಬ ತೀರ್ಮಾನಕ್ಕೆ ಬಂದು ಬೇರೆ ಆಹಾರ ಶುರುಮಾಡುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಆರು ದೇಶಗಳ ಎದೆಹಾಲಿನ ಮಕ್ಕಳನ್ನು ಅಳೆದು 2006ರಲ್ಲಿ ಹೊಸ ಮಾನದಂಡ ತಂದಿತು. ಕರ್ನಾಟಕದಲ್ಲಿ ತಾಯಿ ಮಗುವಿನ ಆರೋಗ್ಯ ದಾಖಲಿಸುವ ತಾಯಿ ಕಾರ್ಡ್‌ನ ಹಾಳೆಗಳಲ್ಲಿರುವ ಬೆಳವಣಿಗೆಯ ಗೆರೆಗಳು ಈ ಮಾನದಂಡದವು. ಆ ಕಾರ್ಡನ್ನು ಲಸಿಕೆಯ ಚೀಟಿಯೆಂದಷ್ಟೇ ನೋಡದೆ, ತಿಂಗಳು ತಿಂಗಳು ಗೆರೆ ಯಾವ ಕಡೆಗೆ ಸಾಗಿದೆ ಎಂದು ಅಂಗನವಾಡಿ ಕಾರ್ಯಕರ್ತೆಯನ್ನು ಕೇಳುವುದು ಪ್ರತಿ ತಾಯಿಯ ಹಕ್ಕು.

ಕ್ಯಾಲೆಂಡರಿನ ಜತೆಗೆ ಮಗುವಿನ ಮೈಯೂ ಸೂಚನೆ ಕೊಡುತ್ತದೆ. ಕತ್ತು ನಿಲ್ಲುತ್ತದೆ, ಆಸರೆ ಕೊಟ್ಟರೆ ಕೂರುತ್ತದೆ, ಕಂಡದ್ದಕ್ಕೆ ಕೈ ಚಾಚಿ ಬಾಯಿಗಿಡುತ್ತದೆ. ಬಾಯಿಗೆ ಬಂದದ್ದನ್ನು ನಾಲಗೆಯಿಂದ ಹೊರದೂಡುವ ಹುಟ್ಟುಗುಣ ಮಾಯವಾಗಿರುತ್ತದೆ. ಹಲ್ಲು ಬರಲೆಂದು ಕಾಯಬೇಕಾಗಿಲ್ಲ. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳ ವಿಷಯದಲ್ಲಿ ಮಾತ್ರ ಯಾವಾಗ ಶುರುಮಾಡಬೇಕೆಂಬುದನ್ನು ವೈದ್ಯರೊಂದಿಗೆ ಕೂತು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಹಾಲಿನಿಂದ ಎಷ್ಟು, ಊಟದಿಂದ ಎಷ್ಟು

ಆರರಿಂದ ಎಂಟು ತಿಂಗಳ ಮಗುವಿಗೆ ದಿನಕ್ಕೆ ಸುಮಾರು 615 ಕಿಲೋಕ್ಯಾಲರಿ ಬೇಕು. ಒಂಬತ್ತರಿಂದ ಹನ್ನೊಂದು ತಿಂಗಳಲ್ಲಿ 686. ಎರಡನೆಯ ವರ್ಷದಲ್ಲಿ 894. ಎದೆಹಾಲು ಸಾಧಾರಣ ಪ್ರಮಾಣದಲ್ಲಿ ಸಿಗುತ್ತಿದ್ದರೆ ಇದರಲ್ಲಿ ಊಟದಿಂದ ಬರಬೇಕಾದದ್ದು ಅನುಕ್ರಮವಾಗಿ 200, 300 ಮತ್ತು 550 ಕಿಲೋಕ್ಯಾಲರಿ. ಅಂದರೆ ಮೊದಲ ವರ್ಷದ ಉತ್ತರಾರ್ಧದಲ್ಲಿ ಶಕ್ತಿಯ ಅರ್ಧಕ್ಕೂ ಹೆಚ್ಚು ಪಾಲು ಹಾಲಿನದೇ, ಎರಡನೆಯ ವರ್ಷದಲ್ಲೂ ಸುಮಾರು ಮೂರನೆಯ ಒಂದು ಪಾಲು ಹಾಲಿನದು. ಮಗು ಮೊದಲ ವಾರಗಳಲ್ಲಿ ಎರಡು ಚಮಚ ತಿಂದು ಮುಖ ತಿರುಗಿಸಿದರೆ ಗಾಬರಿಪಡುವ ಅಜ್ಜಿಯಂದಿರಿಗೆ ಈ ಲೆಕ್ಕ ಸಮಾಧಾನ ಕೊಡಬೇಕು.

‘ವರ್ಷವಾದ ಮೇಲೆ ಹಾಲಿನಲ್ಲಿ ಏನೂ ಉಳಿದಿರುವುದಿಲ್ಲ, ಬರೀ ನೀರು’ ಎಂಬ ಮಾತು ಊರಿನಲ್ಲೂ ಕೇಳಿಬರುತ್ತದೆ, ಕೆಲವೊಮ್ಮೆ ಆಸ್ಪತ್ರೆಯ ಕೊಠಡಿಯಲ್ಲೂ. ಅದು ತಪ್ಪು. ಎರಡನೆಯ ವರ್ಷದಲ್ಲಿ ದಿನಕ್ಕೆ 448 ಮಿಲಿಲೀಟರ್ ಎದೆಹಾಲು ಕುಡಿಯುವ ಮಗುವಿಗೆ ಅಗತ್ಯದ ಪ್ರೋಟೀನಿನಲ್ಲಿ ಶೇಕಡ 43, ಕ್ಯಾಲ್ಸಿಯಂನಲ್ಲಿ 36, ವಿಟಮಿನ್ ಎಯಲ್ಲಿ 75, ವಿಟಮಿನ್ ಸಿಯಲ್ಲಿ 60ರಷ್ಟು ಅದರಿಂದಲೇ ಸಿಗುತ್ತದೆಯೆಂದು ಹೊಂಡುರಾಸ್ ಅಧ್ಯಯನದ ಕ್ಯಾಥರಿನ್ ಡ್ಯೂಯಿ 2001ರಲ್ಲಿ ಲೆಕ್ಕ ಕೊಟ್ಟಿದ್ದಾರೆ. ರೋಗನಿರೋಧಕ ಅಂಶಗಳೂ ಹಾಲು ಇರುವವರೆಗೆ ಇರುತ್ತವೆ. ಜ್ವರ, ಭೇದಿ ಬಂದ ಮಗು ಊಟವನ್ನು ಪೂರ್ತಿ ಬಿಟ್ಟುಬಿಡಬಹುದು. ಎದೆಹಾಲನ್ನು ಬಿಡುವುದು ಅಪರೂಪ. ಕಾಯಿಲೆಯ ದಿನಗಳಲ್ಲಿ ಅದೊಂದೇ ಮಗುವಿನ ಊಟವೂ ನೀರೂ ಆಗುತ್ತದೆ.

ಗಂಜಿಯ ನೀರು

ಪೂರಕ ಆಹಾರದ ಸಮಸ್ಯೆಗಳಲ್ಲೆಲ್ಲ ನಮ್ಮ ಅಡುಗೆಮನೆಗೆ ತೀರ ಹತ್ತಿರವಾದುದು ಗಂಜಿಯ ಹದ. ಮಗುವಿನ ಹೊಟ್ಟೆ ಹಿಡಿಯುವುದು ಪ್ರತಿ ಕಿಲೋ ತೂಕಕ್ಕೆ ಸುಮಾರು 30 ಗ್ರಾಂ ಆಹಾರ. ಎಂಟು ಕಿಲೋ ತೂಗುವ ಮಗು ಒಂದು ಸಲಕ್ಕೆ 240 ಗ್ರಾಂಗಿಂತ ಹೆಚ್ಚು ತಿನ್ನಲಾರದು. ಇಷ್ಟರೊಳಗೆ ಶಕ್ತಿ ತುಂಬಬೇಕಾದರೆ ಆಹಾರದ ಪ್ರತಿ ಗ್ರಾಮಿನಲ್ಲಿ ಕಡೇಪಕ್ಷ 0.8 ಕಿಲೋಕ್ಯಾಲರಿ ಇರಬೇಕು. ಎದೆಹಾಲಿನಲ್ಲಿ ಸರಿಸುಮಾರು 0.65ರಿಂದ 0.7 ಇರುತ್ತದೆ. ನೂರು ಗ್ರಾಂ ಗಂಜಿಯಲ್ಲಿ ಹತ್ತು ಗ್ರಾಂ ಹಿಟ್ಟಿದ್ದರೆ ಸಿಗುವುದು 0.35ರ ಆಸುಪಾಸು. ಹೀಗಾಗಿ ನೀರುನೀರಾದ ಗಂಜಿಯನ್ನು ಬಟ್ಟಲು ತುಂಬ ಕುಡಿಸಿದಾಗ, ಎರಡು ಪಾಲು ಸತ್ವದ ಎದೆಹಾಲನ್ನು ಪಕ್ಕಕ್ಕೆ ತಳ್ಳಿ ಒಂದು ಪಾಲಿನದನ್ನು ತುಂಬಿದಂತಾಗುತ್ತದೆ. ಬೇಳೆಕಟ್ಟು, ಸಾರಿನ ತಿಳಿ, ಅನ್ನದ ತಿಳಿಗಂಜಿ ಇವೆಲ್ಲ ಈ ಸಾಲಿಗೆ ಸೇರುತ್ತವೆ. ಬೇಳೆಯ ಸಾರವೆಲ್ಲ ಕಟ್ಟಿನಲ್ಲಿ ಇಳಿಯುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಪ್ರೋಟೀನು ಉಳಿಯುವುದು ತಳದ ಬೇಳೆಯಲ್ಲೇ, ಅದನ್ನೇ ಮಸೆದು ಕೊಡಬೇಕು. ಮಕ್ಕಳ ವೈದ್ಯರು ಹೇಳುವ ಪರೀಕ್ಷೆ ಸರಳವಾದುದು: ಚಮಚ ಓರೆ ಮಾಡಿದರೆ ಆಹಾರ ಸುರಿದುಹೋಗಬಾರದು, ಚಮಚದಲ್ಲೇ ನಿಲ್ಲಬೇಕು.

ಗಟ್ಟಿ ಮಾಡಹೊರಟರೆ ಇನ್ನೊಂದು ತೊಡಕು. ಹಿಟ್ಟು ಹೆಚ್ಚಾದಂತೆ ಗಂಜಿ ಅಂಟಂಟಾಗಿ ಮಗುವಿನ ಗಂಟಲಲ್ಲಿ ಇಳಿಯುವುದಿಲ್ಲ. ಈ ತೊಡಕಿಗೆ ಹಳೇ ಮೈಸೂರಿನ ಮನೆಗಳಲ್ಲಿ ತಲೆಮಾರುಗಳ ಹಿಂದೆಯೇ ಒಂದು ಪರಿಹಾರವಿತ್ತು: ರಾಗಿ ಸರಿ. ರಾಗಿಯನ್ನು ರಾತ್ರಿಯೆಲ್ಲ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜಾಲಿಸಿ ತೆಗೆದ ನುಣುಪು ಹಿಟ್ಟು ಅದು. ಮೊಳಕೆಯೊಡೆಯುವಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟಿ ಪಿಷ್ಟವನ್ನು ಕತ್ತರಿಸುತ್ತದೆ. ಆಗ ಹೆಚ್ಚು ಹಿಟ್ಟು ಹಾಕಿದರೂ ಸರಿ ಮುದ್ದೆಗಟ್ಟದೆ ನಯವಾಗಿ ಉಳಿಯುತ್ತದೆ. ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಅಂಶವೂ ಮೊಳಕೆಯಿಂದ ತಗ್ಗುತ್ತದೆ. ರಾಗಿಯ ಕ್ಯಾಲ್ಸಿಯಂ ನೂರು ಗ್ರಾಂಗೆ 360 ಮಿಲಿಗ್ರಾಂ ದಾಟುತ್ತದೆ. ಬೇರೆ ಯಾವ ಸಾಮಾನ್ಯ ಧಾನ್ಯವೂ ಇದರ ಹತ್ತಿರ ಬರುವುದಿಲ್ಲ.

ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ ಈ ಮನೆಮದ್ದಿನ ಹಿಂದಿರುವ ವಿಜ್ಞಾನವನ್ನು ಬಿಡಿಸಿ ನೋಡಿದರು. ಮೊಳಕೆ ರಾಗಿ ಮತ್ತು ಮೊಳಕೆ ಹೆಸರುಕಾಳನ್ನು ಬೆರೆಸಿ, ಬಿಸಿಯಲ್ಲೂ ತೆಳುವಾಗಿ ಹರಿಯುವ ಶಿಶು ಆಹಾರವೊಂದನ್ನು ರೂಪಿಸಿ 1982ರಲ್ಲಿ ಪ್ರಕಟಿಸಿದರು. ಹೆಸರುಕಾಳು ಸೇರಿದ್ದು ಕೇವಲ ರುಚಿಗಲ್ಲ: ರಾಗಿಯಲ್ಲಿ ಕೊರತೆಯಿರುವ ಲೈಸೀನ್ ಎಂಬ ಅಮೈನೋ ಆಮ್ಲ ಕಾಳಿನಿಂದ ಬರುತ್ತದೆ. ಅದೇ ದಶಕದಲ್ಲಿ ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ತಾರಾ ಗೋಪಾಲದಾಸ್ ಮತ್ತು ಸಹೋದ್ಯೋಗಿಗಳು, ಬೇಯಿಸಿದ ದಪ್ಪ ಗಂಜಿಗೆ ಸ್ವಲ್ಪ ಮೊಳಕೆಹಿಟ್ಟು ಸೇರಿಸಿದರೆ ಸಾಕು, ನೀರು ಬೆರೆಸದೆಯೇ ಅದು ಸಡಿಲವಾಗುತ್ತದೆಂದು ತೋರಿಸಿಕೊಟ್ಟರು. ಒಂದು ಎಚ್ಚರಿಕೆ ಬೇಕು. ಮೊಳಕೆಕಾಳನ್ನು ಕೆಂಪಗೆ ಹುರಿದರೆ ಕಿಣ್ವ ಸಾಯುತ್ತದೆ, ಪರಿಮಳವಷ್ಟೇ ಉಳಿಯುತ್ತದೆ. ಅಂಗಡಿಯ ಪೊಟ್ಟಣಗಳಲ್ಲಿ ‘ಮಾಲ್ಟ್’ ಎಂದು ಬರೆದದ್ದೆಲ್ಲ ಮೊಳಕೆ ಬರಿಸಿದ್ದೇ ಆಗಿರಬೇಕೆಂದೂ ಇಲ್ಲ; ಹಲವದರಲ್ಲಿ ಸಕ್ಕರೆಯ ಪಾಲೇ ದೊಡ್ಡದು.

ಶಕ್ತಿ ಹೆಚ್ಚಿಸುವ ಇನ್ನೊಂದು ದಾರಿ ಜಿಡ್ಡು. ಒಂದು ಚಿಕ್ಕ ಚಮಚ ತುಪ್ಪ ಅಥವಾ ಎಣ್ಣೆ ಸುಮಾರು 45 ಕಿಲೋಕ್ಯಾಲರಿ ತರುತ್ತದೆ, ಬಟ್ಟಲಿನ ಗಾತ್ರ ಬೆಳೆಯುವುದಿಲ್ಲ. ಕರಾವಳಿಯ ಕುಚ್ಚಲಕ್ಕಿ ಗಂಜಿಯಾಗಲಿ, ಉತ್ತರ ಕರ್ನಾಟಕದ ಜೋಳದ ನುಚ್ಚಾಗಲಿ, ದಕ್ಷಿಣದ ಮೆದುವಾದ ಅನ್ನ ಬೇಳೆಯಾಗಲಿ, ಗಟ್ಟಿಯಾಗಿ ಮಸೆದು ಚಮಚ ತುಪ್ಪ ಸೇರಿದರೆ ಒಳ್ಳೆಯ ಶಿಶು ಆಹಾರವೇ. ಮಗುವಿಗೆಂದು ಬೇರೆಯದೇ ದುಬಾರಿ ಡಬ್ಬಿ ಬೇಕಾಗಿಲ್ಲ.

ಕಬ್ಬಿಣ, ಸತುವು, ಬಿ12

ಎದೆಹಾಲು ಎಲ್ಲವನ್ನೂ ಕೊಡುತ್ತದೆಂಬ ಮಾತು ಆರು ತಿಂಗಳವರೆಗೆ ಬಹುಮಟ್ಟಿಗೆ ನಿಜ. ಆಮೇಲೆ ಕಬ್ಬಿಣದ ವಿಷಯದಲ್ಲಿ ನಿಜವಲ್ಲ. ಲೀಟರ್ ಎದೆಹಾಲಿನಲ್ಲಿರುವ ಕಬ್ಬಿಣ 0.3ರಿಂದ 0.4 ಮಿಲಿಗ್ರಾಂ ಮಾತ್ರ. ಮಗು ಮೊದಲ ಆರು ತಿಂಗಳು ಬದುಕುವುದು ಬಸಿರಿನಲ್ಲಿ ಕೂಡಿಟ್ಟುಕೊಂಡ ದಾಸ್ತಾನಿನ ಮೇಲೆ. ತಾಯಿಗೆ ರಕ್ತಹೀನತೆಯಿದ್ದರೆ, ಮಗು ಕಡಿಮೆ ತೂಕದ್ದಾದರೆ, ಹೆರಿಗೆಯಾದ ತಕ್ಷಣ ಹೊಕ್ಕುಳಬಳ್ಳಿ ಕತ್ತರಿಸಿಬಿಟ್ಟಿದ್ದರೆ ಆ ದಾಸ್ತಾನು ಇನ್ನೂ ಬೇಗ ಮುಗಿಯುತ್ತದೆ. ಏಳರಿಂದ ಹನ್ನೆರಡು ತಿಂಗಳ ಮಗುವಿಗೆ ಅಮೆರಿಕದ ಶಿಫಾರಸು ದಿನಕ್ಕೆ 11 ಮಿಲಿಗ್ರಾಂ ಕಬ್ಬಿಣ. ಅದೇ ಶಿಫಾರಸಿನಲ್ಲಿ ಬೆಳೆದ ಗಂಡಸಿಗೆ 8. ಒಂಬತ್ತರಿಂದ ಹನ್ನೊಂದು ತಿಂಗಳಲ್ಲಿ ಬೇಕಾದ ಕಬ್ಬಿಣದ ಶೇಕಡ 97, ಸತುವಿನ ಶೇಕಡ 86 ಪಾಲು ಊಟದಿಂದಲೇ ಬರಬೇಕು. ಇಲ್ಲಿ ಹಾಲು ಊಟದ ಸ್ಥಾನ ತುಂಬಲಾರದು.

ಕಬ್ಬಿಣ ಸುಲಭವಾಗಿ ಮೈಗೆ ಹತ್ತುವುದು ಯಕೃತ್ತು, ಮಾಂಸ, ಮೀನುಗಳಿಂದ. ಇವನ್ನು ತಿನ್ನುವ ಮನೆಗಳಲ್ಲೂ ‘ಮಗುವಿಗೆ ಜೀರ್ಣವಾಗದು’ ಎಂದು ವರ್ಷ, ಎರಡು ವರ್ಷ ದೂರವಿಡುವುದುಂಟು. ಆ ಅಂಜಿಕೆ ಬೇಡ. ಚೆನ್ನಾಗಿ ಬೆಂದ ಮೊಟ್ಟೆ, ಮುಳ್ಳು ಬಿಡಿಸಿದ ಮೀನು, ನುಣ್ಣಗೆ ಅರೆದ ಕೋಳಿಮಾಂಸ ಆರು ತಿಂಗಳು ಕಳೆದ ಮೇಲೆ ಕೊಡಬಹುದು. ಸಸ್ಯಾಹಾರಿ ಮನೆಗಳಲ್ಲಿ ಕಾಳು, ಸೊಪ್ಪು, ರಾಗಿಗಳ ಜತೆಗೆ ನಿಂಬೆ, ಸೀಬೆ, ನೆಲ್ಲಿಯಂಥ ವಿಟಮಿನ್ ಸಿ ಇರುವುದನ್ನು ಸೇರಿಸಿದರೆ ಕಬ್ಬಿಣ ಚೆನ್ನಾಗಿ ಹೀರಿಕೆಯಾಗುತ್ತದೆ. ಚಹಾ ಕಾಫಿ ಅದನ್ನು ತಡೆಯುತ್ತವೆ. ಆದರೂ ಊಟವೊಂದರಿಂದಲೇ ಈ ಲೆಕ್ಕ ಸರಿಹೋಗುವುದು ಕಷ್ಟ. ಅದಕ್ಕೇ 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ 6ರಿಂದ 59 ತಿಂಗಳ ಮಕ್ಕಳಿಗೆ ವಾರಕ್ಕೆ ಎರಡು ಸಲ, 20 ಮಿಲಿಗ್ರಾಂ ಕಬ್ಬಿಣವಿರುವ 1 ಮಿಲಿಲೀಟರ್ ಸಿರಪ್ ಕೊಡುವ ವ್ಯವಸ್ಥೆಯಿದೆ. ಸಿರಪ್ಪಿನಿಂದ ಮಲ ಕಪ್ಪಾಗುವುದನ್ನು ಕಂಡು ಹೆದರಿ ನಿಲ್ಲಿಸುವವರು ಬಹಳ; ಅದು ಅಪಾಯದ ಸೂಚನೆಯಲ್ಲ. ಐದನೆಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆ ದೇಶದಲ್ಲಿ ಶೇಕಡ 67.1, ಕರ್ನಾಟಕದಲ್ಲಿ ಶೇಕಡ 65.5 ಇತ್ತು.

ಬಿ12ರ ಕಥೆ ಬೇರೆ. ಎದೆಹಾಲಿನಲ್ಲಿ ಅದು ಎಷ್ಟಿರುತ್ತದೆಂಬುದು ತಾಯಿಯ ಮೈಯಲ್ಲಿ ಎಷ್ಟಿದೆ ಎಂಬುದನ್ನೇ ಅವಲಂಬಿಸಿದೆ. ಹಾಲು, ಮೊಸರು, ಮೊಟ್ಟೆ, ಮಾಂಸ ಯಾವುದೂ ಸಾಕಷ್ಟು ಸಿಗದ ತಾಯಿಯ ಹಾಲನ್ನೇ ನಂಬಿ, ಒಂದು ವರ್ಷದವರೆಗೂ ಊಟ ಕಾಣದ ಮಕ್ಕಳಲ್ಲಿ ಮೈಬಣ್ಣ ಕಪ್ಪಾಗುವ, ಕೂದಲು ಪೇಲವವಾಗುವ, ಕಲಿತ ನಗು ಮರೆತು ಕೈಕಾಲು ನಡುಗುವ ಕಾಯಿಲೆಯೊಂದನ್ನು ಭಾರತದ ಮಕ್ಕಳ ವೈದ್ಯರು ದಶಕಗಳಿಂದ ಕಂಡಿದ್ದಾರೆ. ಶಿಶು ನಡುಕದ ಕಾಯಿಲೆ ಎಂದು ಕರೆಯಬಹುದಾದ ಇದರಲ್ಲಿ ಬಿ12 ಕೊರತೆಯೇ ಪ್ರಧಾನವೆಂದು ಈಗ ಬಹುತೇಕ ಒಪ್ಪಿತವಾಗಿದೆ. ಮಗುವಿನ ಊಟದ ಮಾತು ಬಂದಾಗ ತಾಯಿಯ ತಟ್ಟೆಯಲ್ಲಿ ಏನಿದೆ ಎಂದು ಯಾರೂ ಕೇಳದಿರುವುದು ನೋವಿನ ಸಂಗತಿ.

ಉಣಿಸುವ ಕ್ರಮ

ಶುರುವಿನಲ್ಲಿ ದಿನಕ್ಕೆ ಎರಡು ಸಲ ಎರಡು ಮೂರು ಚಮಚ ಸಾಕು. ಏಳೆಂಟು ತಿಂಗಳಿಗೆ 250 ಮಿಲಿಲೀಟರ್ ಬಟ್ಟಲಿನಲ್ಲಿ ಅರ್ಧದಷ್ಟು, ಎರಡು ಮೂರು ಸಲ. ಒಂಬತ್ತರಿಂದ ಹನ್ನೊಂದು ತಿಂಗಳಿಗೆ ಅರ್ಧದಿಂದ ಮುಕ್ಕಾಲು ಬಟ್ಟಲು, ಮೂರು ನಾಲ್ಕು ಸಲ. ವರ್ಷ ದಾಟಿದ ಮೇಲೆ ಮುಕ್ಕಾಲಿನಿಂದ ಒಂದು ಬಟ್ಟಲು, ಅದರ ಜತೆಗೆ ಒಂದೆರಡು ಸಲ ಬಾಯಾಡಿಸಲು ಹಣ್ಣು ಅಥವಾ ಬೇರೇನಾದರೂ. ನಡುನಡುವೆ ಮಗು ಕೇಳಿದಾಗ ಎದೆಹಾಲು. ಮೊದಲು ಹಾಲೋ ಊಟವೋ ಎಂದು ಪ್ರತಿ ತಾಯಿಯೂ ಕೇಳುತ್ತಾಳೆ. ಯಾವುದು ಮೊದಲಾದರೆ ಒಳ್ಳೆಯದೆಂದು ಗಟ್ಟಿಯಾಗಿ ಹೇಳುವ ಪುರಾವೆ ಇಲ್ಲ. ಮೊದಲ ತಿಂಗಳುಗಳಲ್ಲಿ ತುಸು ಹಾಲು ಕುಡಿದು ಹಸಿವಿನ ಹಟ ಇಳಿದ ಮಗು ಹೊಸ ರುಚಿಯನ್ನು ತಾಳ್ಮೆಯಿಂದ ನೋಡುತ್ತದೆ. ಹತ್ತು ತಿಂಗಳ ಹೊತ್ತಿಗೆ ಹಾಲೇ ಮೊದಲಾದರೆ ಊಟ ಬೇಡವೆನ್ನುವ ಮಕ್ಕಳಿಗೆ ಊಟವನ್ನು ಮುಂದಿಡಬಹುದು. ರಾತ್ರಿಯ ಹಾಲನ್ನು ಅವಸರದಿಂದ ನಿಲ್ಲಿಸಬೇಕಾಗಿಲ್ಲ. ಹಾಲು ಹುಟ್ಟಿಸುವ ಪ್ರೊಲ್ಯಾಕ್ಟಿನ್ ರಾತ್ರಿಯಲ್ಲೇ ಹೆಚ್ಚಿರುತ್ತದೆ, ಹಗಲೆಲ್ಲ ಹೊರಗೆ ದುಡಿಯುವ ತಾಯಿಯ ಹಾಲು ಉಳಿಯುವುದು ಬಹುಪಾಲು ಅದರಿಂದ.

ಹದವೂ ತಿಂಗಳಿಂದ ತಿಂಗಳಿಗೆ ಬದಲಾಗಬೇಕು. ಮೊದಲು ನುಣ್ಣಗೆ ಮಸೆದದ್ದು, ಎಂಟನೆಯ ತಿಂಗಳಿಗೆ ಕೈಯಲ್ಲಿ ಹಿಡಿದು ತಿನ್ನುವ ಬೆಂದ ಕ್ಯಾರೆಟ್, ಇಡ್ಲಿ ಚೂರು, ಬಾಳೆಹಣ್ಣು. ವರ್ಷಕ್ಕೆ ಮನೆಯವರ ಊಟವೇ, ಖಾರ ಉಪ್ಪು ತಗ್ಗಿಸಿ. ಮಿಕ್ಸಿಯ ನುಣುಪಿಗೆ ಮಗುವನ್ನು ವರ್ಷದವರೆಗೆ ಒಗ್ಗಿಸಿಬಿಡುವುದು ನಗರದ ಮನೆಗಳ ಹೊಸ ಅಭ್ಯಾಸ. ಹತ್ತು ತಿಂಗಳಾದ ಮೇಲಷ್ಟೇ ಗಟ್ಟಿ ತುಣುಕು ಕಂಡ ಮಕ್ಕಳು ಮುಂದೆ ಊಟಕ್ಕೆ ಹೆಚ್ಚು ತಕರಾರು ಮಾಡುತ್ತಾರೆಂದು ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಿನ ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನವೊಂದು ಕಂಡಿತು. ಬಗೆಬಗೆಯ ಆಹಾರಕ್ಕೂ ಒಂದು ಅಳತೆಯಿದೆ: ಎದೆಹಾಲು, ಧಾನ್ಯ ಗೆಡ್ಡೆ, ಕಾಳು ಬೀಜ, ಹೈನು, ಮಾಂಸ ಮೀನು, ಮೊಟ್ಟೆ, ಹಳದಿ ಹಸಿರು ತರಕಾರಿ ಹಣ್ಣು, ಉಳಿದ ತರಕಾರಿ ಹಣ್ಣು ಎಂಬ ಎಂಟು ಗುಂಪುಗಳಲ್ಲಿ ದಿನಕ್ಕೆ ಐದಾದರೂ ಬರಬೇಕು.

ಏನು ಉಣಿಸುತ್ತೇವೆ ಎನ್ನುವಷ್ಟೇ ತೂಕ ಹೇಗೆ ಉಣಿಸುತ್ತೇವೆ ಎಂಬುದಕ್ಕೂ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಶಹನಾಜ್ ವಜೀರ್ ಮತ್ತು ಸಂಗಡಿಗರು ನಲ್ಗೊಂಡ ಜಿಲ್ಲೆಯ 60 ಹಳ್ಳಿಗಳಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಾಯಂದಿರಿಗೆ ಆಹಾರದ ತಿಳಿವಳಿಕೆಯ ಜತೆಗೆ ಮಗುವಿನ ಸನ್ನೆ ಗಮನಿಸಿ, ಮಾತಾಡಿಸುತ್ತ, ಒತ್ತಾಯವಿಲ್ಲದೆ ಉಣಿಸುವುದನ್ನು ಹೇಳಿಕೊಟ್ಟಾಗ ಮಕ್ಕಳ ಬುದ್ಧಿ ಬೆಳವಣಿಗೆಯೂ ಸುಧಾರಿಸಿತು. ಮೂಗು ಹಿಡಿದು ಬಾಯಿ ತೆರೆಸುವುದು, ಕಾಲ ಮೇಲೆ ಮಲಗಿಸಿಕೊಂಡು ಒಳಲೆಯಿಂದ ಗಂಟಲಿಗೆ ಸುರಿಯುವುದು ಹಾನಿಕರ. ಆಹಾರ ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೇ ಅಪಾಯವಾಗಬಹುದು. ಫೋನಿನ ಪರದೆ ತೋರಿಸಿ ಉಣಿಸುವುದರಿಂದ ಮಗು ತನ್ನ ಹೊಟ್ಟೆ ತುಂಬಿದ್ದನ್ನು ತಾನೇ ಅರಿಯುವ ಗುಣ ಕಳೆದುಕೊಳ್ಳುತ್ತದೆ.

ವರ್ಷ ತುಂಬುವವರೆಗೆ ಜೇನು ಬೇಡ. ಅದರಲ್ಲಿರಬಹುದಾದ ಬೊಟುಲಿನಮ್ ಸೂಕ್ಷ್ಮಾಣು ಶಿಶುವಿನ ಕರುಳಿನಲ್ಲಿ ವಿಷ ಹುಟ್ಟಿಸಬಲ್ಲದು. ಇಡೀ ಶೇಂಗಾಬೀಜ, ದ್ರಾಕ್ಷಿ, ಹುರಿಗಡಲೆ, ಹಸಿ ಕ್ಯಾರೆಟ್ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಆದರೆ ಶೇಂಗಾವನ್ನು ಅಲರ್ಜಿಯ ಭಯದಿಂದ ದೂರವಿಡಬೇಕೆಂಬ ಹಳೆಯ ಸಲಹೆ ತಿರುವುಮುರುವಾಗಿದೆ: ಲಂಡನ್ನಿನಲ್ಲಿ 640 ಮಕ್ಕಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಶೈಶವದಲ್ಲೇ ಶೇಂಗಾ ತಿಂದ ಮಕ್ಕಳಿಗೆ ಅಲರ್ಜಿ ಬಹಳ ಕಡಿಮೆ ಬಂತು. ನುಣ್ಣಗೆ ಅರೆದ ಶೇಂಗಾವನ್ನು ಗಂಜಿಗೆ ಬೆರೆಸಬಹುದು. ಮಗುವಿಗೆ ಜೋರಾದ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದರೆ ಮೊದಲು ವೈದ್ಯರನ್ನು ಕೇಳಬೇಕು. ಸಕ್ಕರೆ, ಚಹಾದಲ್ಲಿ ಅದ್ದಿದ ಬಿಸ್ಕತ್ತು, ಪೊಟ್ಟಣದ ಕುರುಕಲು ಹೊಟ್ಟೆಯ ಜಾಗ ತಿನ್ನುತ್ತವೆಯೇ ಹೊರತು ಬೇರೇನೂ ಕೊಡುವುದಿಲ್ಲ.

ಭೇದಿಯ ಭಯ

ಊಟ ಶುರುವಾದೊಡನೆ ಭೇದಿಯೂ ಶುರುವಾಗುವುದನ್ನು ಹಳ್ಳಿಯ ತಾಯಂದಿರು ಹಲ್ಲು ಬರುವುದರ ಲೆಕ್ಕಕ್ಕೆ ಹಾಕುತ್ತಾರೆ. ಪಂಜಾಬಿನ ಹಳ್ಳಿಗಳಲ್ಲಿ ಕೆಲಸ ಮಾಡಿದ ಗಾರ್ಡನ್, ಚಿತ್ಕಾರಾ ಮತ್ತು ವೈಯಾನ್ 1963ರಲ್ಲಿ ಹಾಲಿನಿಂದ ಊಟಕ್ಕೆ ದಾಟುವ ಮಕ್ಕಳ ಈ ಭೇದಿಯನ್ನು ಪ್ರತ್ಯೇಕವಾಗಿ ವರ್ಣಿಸಿದರು. ಗ್ಯಾಂಬಿಯಾದಲ್ಲಿ ರೋಲೆಂಡ್, ಬ್ಯಾರೆಲ್ ಮತ್ತು ವೈಟ್‌ಹೆಡ್ 1978ರಲ್ಲಿ ತೋರಿಸಿದ್ದು ಇನ್ನೂ ಸ್ಪಷ್ಟ: ಬೇಯಿಸಿ ಗಂಟೆಗಟ್ಟಲೆ ಇಟ್ಟ ಗಂಜಿಯಲ್ಲಿ ಸೂಕ್ಷ್ಮಾಣುಗಳು ಬೆಳೆಯುತ್ತ ಹೋಗುತ್ತಿದ್ದವು. ಊಟ ಕೊಡದಿದ್ದರೆ ಪೋಷಣೆಯಿಲ್ಲ, ಕೊಟ್ಟರೆ ಸೋಂಕು. ಈ ಇಕ್ಕಟ್ಟಿನಿಂದ ಹೊರಬರುವ ದಾರಿ ಊಟವನ್ನು ಮುಂದೂಡುವುದಲ್ಲ. ಉಣಿಸುವವರ ಕೈಯನ್ನೂ ಮಗುವಿನ ಕೈಯನ್ನೂ ಸೋಪಿನಿಂದ ತೊಳೆಯುವುದು, ಆಗತಾನೇ ಬೇಯಿಸಿದ್ದನ್ನು ಕೊಡುವುದು, ಬಾಟಲಿ ಬಿಟ್ಟು ಬಟ್ಟಲು ಚಮಚ ಬಳಸುವುದು. ಭೇದಿಯಾದಾಗ ಎದೆಹಾಲು, ಓಆರ್‌ಎಸ್, ಸತುವಿನ ಮಾತ್ರೆ, ಜತೆಗೆ ಊಟ ಮುಂದುವರಿಯಬೇಕು. ಗುಣವಾದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚು.

ರೂಢಿ, ಸಂಸ್ಕಾರ

ಆರನೆಯ ತಿಂಗಳು ನಮ್ಮ ಪರಂಪರೆಗೆ ಹೊಸತಲ್ಲ. ಆಶ್ವಲಾಯನ ಗೃಹ್ಯಸೂತ್ರ ಅನ್ನಪ್ರಾಶನವನ್ನು ಆರನೆಯ ತಿಂಗಳಿಗೇ ಹೇಳುತ್ತದೆ. ಸುಶ್ರುತ ಸಂಹಿತೆಯೂ ಆ ತಿಂಗಳಲ್ಲಿ ಹಗುರವಾದ, ಹಿತವಾದ ಅನ್ನ ಕೊಡಬೇಕೆನ್ನುತ್ತದೆ. ತಾಯಂದಿರು ಪೂರ್ತಿ ಎರಡು ವರ್ಷ ಹಾಲುಣಿಸುವ ಮಾತು ಕುರಾನಿನಲ್ಲಿದೆ. ಕರ್ನಾಟಕದ ಅನೇಕ ಮನೆಗಳವರು ಮಗುವಿನ ಮೊದಲ ತುತ್ತಿಗೆ ದೇವಸ್ಥಾನಕ್ಕೆ ಹೋಗುತ್ತಾರೆ. ಅಡ್ಡಿಯಾಗುವುದು ಮುಹೂರ್ತಕ್ಕಾಗಿ, ಇಲ್ಲವೇ ನೆಂಟರು ಸೇರಲೆಂದು ಎಂಟು ಒಂಬತ್ತು ತಿಂಗಳವರೆಗೆ ತಡಮಾಡಿದಾಗ. ಶಾಸ್ತ್ರದ ಮರುದಿನದಿಂದ ಮತ್ತೆ ಹಾಲೊಂದೇ ಆಗುವುದೂ ಉಂಟು. ಮೊದಲ ತುತ್ತಿನ ಸಂಭ್ರಮ ಎರಡನೆಯ ದಿನದ ತುತ್ತಿಗೂ ಇರಬೇಕು. ಬಜೆ, ಜಾಯಿಕಾಯಿ, ಅಳಲೆಕಾಯಿ ತೇಯ್ದು ನೆಕ್ಕಿಸುವ ವಾಡಿಕೆಯನ್ನು ಆರು ತಿಂಗಳೊಳಗೆ ಪೂರ್ತಿ ಬಿಡುವುದೇ ಲೇಸು. ಜಾಯಿಕಾಯಿ ಪ್ರಮಾಣ ಮೀರಿದರೆ ವಿಷವಾಗುತ್ತದೆ.

ದುಡಿಯುವ ತಾಯಿ, ಅಂಗನವಾಡಿ, ಕಾನೂನು

ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ರಜೆ ಕೊಟ್ಟಿತು. ಲೆಕ್ಕಕ್ಕೆ ಅದು ಸರಿಯಾಗಿ ಆರು ತಿಂಗಳು. ಹೆರಿಗೆಗೆ ಮೊದಲೇ ಎಂಟು ವಾರ ಬಳಸಿಕೊಂಡವರಿಗೆ ಉಳಿಯುವುದು 18 ವಾರ; ಅವರ ಮಗು ನಾಲ್ಕು ತಿಂಗಳಿಗೇ ಬೇರೆಯವರ ಕೈಗೆ ಬರುತ್ತದೆ. 50 ಮತ್ತು ಹೆಚ್ಚು ಜನ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರವಿರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಬಹುದು. ಮಗುವಿಗೆ 15 ತಿಂಗಳಾಗುವವರೆಗೆ ಹಾಲುಣಿಸಲು ಎರಡು ಬಿಡುವಿನ ಹಕ್ಕು 1961ರ ಮೂಲ ಕಾಯ್ದೆಯಲ್ಲೇ ಇತ್ತು. ಹಿಂಡಿ ತೆಗೆದ ಎದೆಹಾಲು ಶುಚಿಯಾದ ಪಾತ್ರೆಯಲ್ಲಿ 25 ಡಿಗ್ರಿಯ ಆಸುಪಾಸಿನಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಕೆಡುವುದಿಲ್ಲ. ಇದೆಲ್ಲ ಸಂಬಳದ ಚೀಟಿ ಇರುವವರ ಮಾತು. ಹೊಲದ ಕೂಲಿಗೆ, ಕಟ್ಟಡದ ಕೆಲಸಕ್ಕೆ, ಮನೆಗೆಲಸಕ್ಕೆ ಹೋಗುವ ತಾಯಿಗೆ ಈ ಕಾಯ್ದೆಯಿಂದ ಏನೂ ಸಿಗುವುದಿಲ್ಲ. ಉದ್ಯೋಗ ಖಾತರಿಯಲ್ಲಿ ದುಡಿಯುವ ತಾಯಂದಿರ ಮಕ್ಕಳಿಗೆಂದು ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ತೆರೆದ ‘ಕೂಸಿನ ಮನೆ’ಗಳು ಈ ಕೊರತೆಯನ್ನು ತುಂಬಲು ಹೊರಟ ಪ್ರಯತ್ನ. ಮಗು ಸೊರಗಿದ್ದಕ್ಕೆ ತಾಯಿಯ ಅಜ್ಞಾನವನ್ನು ದೂರುವ ಮೊದಲು ಆಕೆಗೆ ದಿನಕ್ಕೆ ನಾಲ್ಕು ಸಲ ಉಣಿಸುವಷ್ಟು ಸಮಯವನ್ನು ಯಾರು ಕೊಟ್ಟಿದ್ದಾರೆಂದು ಕೇಳಬೇಕು.

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾದಾಗ ಕರ್ನಾಟಕದಲ್ಲಿ ಅದಕ್ಕೆ ಆರಿಸಿಕೊಂಡದ್ದು ಮೈಸೂರು ಜಿಲ್ಲೆಯ ತಿ. ನರಸೀಪುರವನ್ನು. ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ದಿನಕ್ಕೆ 500 ಕಿಲೋಕ್ಯಾಲರಿ ಹಾಗೂ 12ರಿಂದ 15 ಗ್ರಾಂ ಪ್ರೋಟೀನು ಕೊಡುವ ಆಹಾರವನ್ನು ಮನೆಗೆ ಒಯ್ಯಲು ಕೊಡಬೇಕೆಂದು 2013ರ ಆಹಾರ ಭದ್ರತಾ ಕಾಯ್ದೆ ಹೇಳಿತು. ಮಗುವಿನ ಪಾಲಿನ ಈ ಪೊಟ್ಟಣ ಮನೆಯ ಎಲ್ಲರಿಗೂ ಹಂಚಿಹೋಗುವುದು ಬಡತನದ ಮಾತೇ ಹೊರತು ನಿರ್ಲಕ್ಷ್ಯದ್ದಲ್ಲ. ಆಶಾ ಕಾರ್ಯಕರ್ತೆಯರು 3, 6, 9, 12 ಮತ್ತು 15ನೆಯ ತಿಂಗಳಲ್ಲಿ ಮನೆಗೆ ಬಂದು ಊಟದ ಬಗ್ಗೆ ತಿಳಿಹೇಳುವ ಕ್ರಮ 2018ರಲ್ಲಿ ಜಾರಿಗೆ ಬಂತು. ಡಬ್ಬಿ ಹಾಲು, ಹಾಲೂಡಿಸುವ ಬಾಟಲಿ ಮತ್ತು ಶಿಶು ಆಹಾರಗಳ ಜಾಹೀರಾತನ್ನು 1992ರ ಕಾಯ್ದೆ ಹಾಗೂ ಅದರ 2003ರ ತಿದ್ದುಪಡಿ ನಿಷೇಧಿಸಿವೆ. ವರ್ಷ ದಾಟಿದ ಮಕ್ಕಳಿಗೆಂದೇ ಮಾರುವ ವಿಶೇಷ ಹಾಲಿನ ಪುಡಿಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದಿಲ್ಲ.

ಹಾಲು ಬಿಡಿಸುವುದು

1933ರಲ್ಲಿ ಈಗಿನ ಘಾನಾದಲ್ಲಿ ಕೆಲಸ ಮಾಡುತ್ತಿದ್ದ ವೈದ್ಯೆ ಸಿಸೆಲಿ ವಿಲಿಯಮ್ಸ್, ಮುಂದಿನ ಕೂಸು ಬಂತೆಂದು ಎದೆಯಿಂದ ಬಿಡಿಸಿ ಬರೀ ಮೆಕ್ಕೆಜೋಳದ ಗಂಜಿಯ ಮೇಲೆ ಬಿಟ್ಟ ಮಕ್ಕಳಲ್ಲಿ ಮೈ ಊದಿ, ಚರ್ಮ ಸುಲಿದು, ಸಾವು ಬರುವುದನ್ನು ವಿವರಿಸಿದರು. ಕ್ವಾಷಿಯೋರ್ಕರ್ ಎಂಬ ಹೆಸರಿನಿಂದ ಜಗತ್ತು ಅದನ್ನು ಅರಿತದ್ದು ಆಮೇಲೆ. ಥಟ್ಟನೆ ಬಿಡಿಸುವುದರ ಅಪಾಯ ಇದು. ನಮ್ಮಲ್ಲೂ ಬೇವಿನ ರಸ ಹಚ್ಚಿಯೋ ಮಗುವನ್ನು ಅಜ್ಜಿಮನೆಗೆ ಕಳಿಸಿಯೋ ಎರಡು ದಿನದಲ್ಲಿ ಹಾಲು ಮರೆಸುವುದುಂಟು. ಮಗುವಿನ ಸಂಕಟದ ಜತೆಗೆ ತಾಯಿಗೆ ಎದೆ ಕಟ್ಟಿ ಜ್ವರ ಬರುತ್ತದೆ. ದಿನದ ಒಂದೊಂದು ಸಲವನ್ನೇ ವಾರಗಳ ಮೇಲೆ ಕಡಿಮೆ ಮಾಡುತ್ತ, ಆ ಹೊತ್ತಿಗೆ ಊಟ, ಆಟ, ಅಪ್ಪನ ಹೆಗಲು ಒದಗಿಸುತ್ತ ಹೋಗುವುದು ಇಬ್ಬರಿಗೂ ಹಿತ. ತಾಯಿ ಮತ್ತೆ ಬಸಿರಾದರೆ ಹಾಲು ನಂಜಾಗುತ್ತದೆಂಬುದು ನಿಜವಲ್ಲ. ಬಸಿರಿಗೆ ತೊಂದರೆಯಿಲ್ಲದಿದ್ದರೆ, ತಾಯಿಗೆ ಊಟ ಚೆನ್ನಾಗಿದ್ದರೆ ಮುಂದುವರಿಸಬಹುದು.

ಬಸಿರಿನ ಮಾತಿಗೆ ಸೇರಿದಂತೆ ತಾಯಂದಿರಿಗೆ ತಿಳಿದಿರಬೇಕಾದ ಒಂದು ವಿಷಯವಿದೆ. ಇಟಲಿಯ ಬೆಲ್ಲಾಜಿಯೊದಲ್ಲಿ 1988ರಲ್ಲಿ ಸೇರಿದ ತಜ್ಞರು, ಮುಟ್ಟು ಮರಳದೆ, ಮಗು ಆರು ತಿಂಗಳೊಳಗಿದ್ದು, ಪೂರ್ತಿ ಎದೆಹಾಲನ್ನೇ ಕುಡಿಯುತ್ತಿದ್ದರೆ ಮತ್ತೆ ಬಸಿರಾಗದಂತೆ ಶೇಕಡ 98ರಷ್ಟು ರಕ್ಷಣೆಯಿದೆಯೆಂದು ಒಪ್ಪಿದ್ದರು. ಮಗುವಿಗೆ ಊಟ ಶುರುವಾದೊಡನೆ ಆ ರಕ್ಷಣೆಯನ್ನು ನಂಬುವಂತಿಲ್ಲ. ಮುಟ್ಟು ಕಾಣದೆಯೂ ಬಸಿರು ನಿಲ್ಲಬಹುದಾದ್ದರಿಂದ ಮೊದಲ ತುತ್ತಿನ ತಿಂಗಳಲ್ಲೇ ತಾಯಿ ಬೇರೆ ಗರ್ಭನಿರೋಧಕದ ಬಗ್ಗೆ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬೇಕು.